ಕೋಡ್ ಯಾರದು, ವಿಮಾನ ಯಾರದು: ಅಂತರರಾಷ್ಟ್ರೀಯ ವಿಮಾನ ಮಾರ್ಗದ ಅನುಮತಿಗಳನ್ನು ಪರಿಶೀಲಿಸುವ ಕ್ರಮ

ಅಂತರರಾಷ್ಟ್ರೀಯ ವಿಮಾನ ಮಾರ್ಗವೊಂದನ್ನು ಆರಂಭಿಸಲು ಕಂಪನಿಯ ಬಳಿ ವಿಮಾನವೂ ಪ್ರಯಾಣಿಕರೂ ಇದ್ದರೆ ಸಾಲದು. ಮಾರ್ಗದ ಎರಡೂ ತುದಿಯ ಸರ್ಕಾರಗಳು, ನಡುವೆ ಇಳಿದು ಪ್ರಯಾಣಿಕರನ್ನು ಹತ್ತಿಸಿಕೊಳ್ಳುವುದಿದ್ದರೆ ಮೂರನೆಯ ಸರ್ಕಾರವೂ, ಮೊದಲೇ ಒಪ್ಪಿರಬೇಕು. ಕೋಡ್‌ಶೇರ್ ಎಂದರೆ ಒಂದು ಕಂಪನಿ ಹಾರಿಸುವ ವಿಮಾನದ ಆಸನಗಳನ್ನು ಇನ್ನೊಂದು ಕಂಪನಿ ತನ್ನದೇ ಕೋಡ್ ಮತ್ತು ಸಂಖ್ಯೆ ಹಾಕಿ ಮಾರುವ ವ್ಯವಸ್ಥೆ. ಇದು ಎರಡು ಕಂಪನಿಗಳ ನಡುವಿನ ವ್ಯಾಪಾರದ ಕರಾರಾದ್ದರಿಂದ ಇಲ್ಲಿ ಸರ್ಕಾರಗಳಿಗೆ ಕೆಲಸವಿಲ್ಲ ಎಂದು ಅನೇಕರು ಭಾವಿಸುತ್ತಾರೆ. ಹಾಗೇನಿಲ್ಲ. ಇನ್ನೊಬ್ಬರ ವಿಮಾನದಲ್ಲಿ ತನ್ನ ಕೋಡ್ ಹಾಕಿ ಆಸನ ಮಾರುವುದನ್ನೂ ಬಹುತೇಕ ಸರ್ಕಾರಗಳು ಸಂಚಾರ ಹಕ್ಕಿನ, ಅಂದರೆ ಒಂದು ಮಾರ್ಗದಲ್ಲಿ ಪ್ರಯಾಣಿಕರನ್ನು ಸಾಗಿಸಲು ಸರ್ಕಾರಗಳು ಕೊಡುವ ಹಕ್ಕಿನ, ಬಳಕೆಯೆಂದೇ ಪರಿಗಣಿಸುತ್ತವೆ, ಮತ್ತು ಆ ಹಕ್ಕು ಇಲ್ಲದ ಕಂಪನಿಗೆ ಮಾರಾಟಕ್ಕೆ ಅನುಮತಿ ಕೊಡುವುದಿಲ್ಲ.

ಒಂದು ಕಂಪನಿ ಒಂದು ಮಾರ್ಗವನ್ನು ಹಾರಲು ಅಥವಾ ಮಾರಲು ಅರ್ಹವೇ ಎಂಬ ಪ್ರಶ್ನೆಯನ್ನು ದಾಖಲೆಗಳ ಆಧಾರದಲ್ಲಿ ಹೇಗೆ ಬಿಡಿಸಬಹುದು ಎಂಬುದನ್ನು ಈ ಲೇಖನ ಹಂತ ಹಂತವಾಗಿ ವಿವರಿಸುತ್ತದೆ. ವಾಯುಯಾನ ಕಾನೂನಿನ ವಿದ್ಯಾರ್ಥಿಗಳು, ಈ ಕ್ಷೇತ್ರದ ವರದಿಗಾರರು, ಪ್ರಯಾಣ ಸಂಸ್ಥೆಗಳ ಸಿಬ್ಬಂದಿ ಮತ್ತು ತಮ್ಮ ಟಿಕೆಟ್ಟಿನ ಹಿಂದಿರುವ ಹೊಣೆಗಾರಿಕೆಯನ್ನು ತಿಳಿಯಬಯಸುವ ಪ್ರಯಾಣಿಕರು ಇದನ್ನು ಬಳಸಬಹುದು. ಪ್ರತಿ ಹಂತದಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡೇ: ಇಲ್ಲಿ ಕೋಡ್ ಯಾರದು, ವಿಮಾನ ಯಾರದು? ಕೆಲವು ನಿಯಮಗಳು ಕೋಡ್‌ಗೆ ಅಂಟಿಕೊಂಡಿರುತ್ತವೆ, ಕೆಲವು ವಿಮಾನಕ್ಕೆ, ಇನ್ನು ಕೆಲವು ಎರಡಕ್ಕೂ. ಈ ವಿಷಯದಲ್ಲಿ ಹುಟ್ಟುವ ಗೊಂದಲಗಳಲ್ಲಿ ಹೆಚ್ಚಿನವು ಈ ಭೇದವನ್ನು ಗಮನಿಸದೆ ಹುಟ್ಟುತ್ತವೆ.

ಹಂತ 1: ಪ್ರಯಾಣವನ್ನು ಬಿಡಿ ಹಾರಾಟಗಳಾಗಿ ಒಡೆದು ಬರೆದುಕೊಳ್ಳಿ

ಟಿಕೆಟ್ಟಿನಲ್ಲಿ ಒಂದೇ ಪ್ರಯಾಣವಾಗಿ ಕಾಣುವುದು ಕಾನೂನಿನ ದೃಷ್ಟಿಯಲ್ಲಿ ಹಲವು ಹಾರಾಟಗಳ ಸರಣಿ. ಪ್ರತಿ ಹಾರಾಟಕ್ಕೂ ಒಂದು ಸಾಲು ಬರೆಯಿರಿ: ಹೊರಡುವ ದೇಶ, ಇಳಿಯುವ ದೇಶ, ವಿಮಾನ ನಡೆಸುವ ಕಂಪನಿ ಮತ್ತು ಅದರ ದೇಶ, ಕೋಡ್ ಹಾಕಿ ಮಾರುವ ಕಂಪನಿ ಮತ್ತು ಅದರ ದೇಶ. ವಿಮಾನ ನಡೆಸುವವರು ಯಾರು ಎಂಬುದು ಸಾಮಾನ್ಯವಾಗಿ ಬುಕಿಂಗ್ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ವಿಮಾನ ನಿಲ್ದಾಣದ ಫಲಕದಲ್ಲಿ ಒಂದೇ ಹಾರಾಟಕ್ಕೆ ನಾಲ್ಕೈದು ಸಂಖ್ಯೆಗಳು ಒಂದಾದ ಮೇಲೊಂದು ಮೂಡಿದರೂ ವಾಯು ಸಂಚಾರ ನಿಯಂತ್ರಕರೊಂದಿಗೆ ಪೈಲಟ್ ಬಳಸುವ ಕರೆಸಂಕೇತ ಒಂದೇ, ಮತ್ತು ಸಾಮಾನ್ಯವಾಗಿ ಅದು ಹಾರಾಟ ನಡೆಸುವ ಕಂಪನಿಯದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕ ದೇಶದ ಕಂಪನಿಯೊಂದು ಖ ದೇಶದ ಮೂಲಕ ಗ ದೇಶಕ್ಕೆ ಟಿಕೆಟ್ ಮಾರುತ್ತದೆ. ಕ ದೇಶದಿಂದ ಖ ದೇಶಕ್ಕೆ ಹೋಗುವುದು ಅದರದೇ ವಿಮಾನ. ಖ ದೇಶದಿಂದ ಗ ದೇಶಕ್ಕೆ ಹೋಗುವುದು ಖ ದೇಶದ ಪಾಲುದಾರ ಕಂಪನಿಯ ವಿಮಾನ, ಆದರೆ ಅದಕ್ಕೂ ಕ ಕಂಪನಿಯ ಕೋಡ್ ಇದೆ. ಇಲ್ಲಿ ನೋಡಬೇಕಾದ ಒಪ್ಪಂದಗಳು ಮೂರು: ಕ ಮತ್ತು ಖ ನಡುವಿನದು, ಖ ಮತ್ತು ಗ ನಡುವಿನದು, ಕ ಮತ್ತು ಗ ನಡುವಿನದು. ಕ ಕಂಪನಿಯ ಯಾವ ವಿಮಾನವೂ ಗ ದೇಶದ ನೆಲ ಮುಟ್ಟದ ಕಾರಣ ಮೂರನೆಯದನ್ನು ಮರೆತುಬಿಡುವುದು ಸುಲಭ. ಆದರೆ ಅನುಮತಿ ನಿರಾಕರಣೆಯಾಗುವ ಸಂಭವ ಹೆಚ್ಚಿರುವುದು ಅಲ್ಲಿಯೇ.

ಹಂತ 2: ಯಾವ ಸ್ವಾತಂತ್ರ್ಯ ಬೇಕೆಂದು ಗುರುತಿಸಿ

1944ರ ಡಿಸೆಂಬರ್ 7ರಂದು ಷಿಕಾಗೊದಲ್ಲಿ ಸಹಿಯಾದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಒಡಂಬಡಿಕೆಯೇ ಇಡೀ ವ್ಯವಸ್ಥೆಯ ಬುನಾದಿ. ಅದರ 1ನೇ ವಿಧಿ ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಸಂಪೂರ್ಣ ಮತ್ತು ಅನನ್ಯ ಸಾರ್ವಭೌಮತ್ವವಿದೆ ಎಂದು ಒಪ್ಪಿಕೊಳ್ಳುತ್ತದೆ. 6ನೇ ವಿಧಿಯ ಪ್ರಕಾರ ನಿಗದಿತ ಅಂತರರಾಷ್ಟ್ರೀಯ ವಿಮಾನ ಸೇವೆ ಇನ್ನೊಂದು ದೇಶದ ವಿಶೇಷ ಅನುಮತಿಯಿಲ್ಲದೆ ಆ ದೇಶದ ಮೇಲೆ ಹಾರುವಂತಿಲ್ಲ, ಒಳಗೆ ಬರುವಂತಿಲ್ಲ. ಹೀಗೆ ಆರಂಭದ ಸ್ಥಿತಿಯೇ ನಿಷೇಧ. ದೇಶಗಳು ಪರಸ್ಪರ ಕೊಟ್ಟುಕೊಂಡ ಪ್ರತಿಯೊಂದು ಹಕ್ಕೂ ಆ ನಿಷೇಧಕ್ಕೆ ಒಂದು ವಿನಾಯಿತಿ. ಒಪ್ಪಂದದಲ್ಲಿ ಬರೆಯದೆ ಬಿಟ್ಟದ್ದನ್ನು ಅನುಮತಿಯೆಂದು ಓದಬಾರದು ಎಂಬುದಕ್ಕೆ ಕಾರಣ ಇದೇ.

ಈ ವಿನಾಯಿತಿಗಳನ್ನು ವಾಯು ಸ್ವಾತಂತ್ರ್ಯಗಳೆಂದು ಕರೆದು ಒಂದರಿಂದ ಒಂಬತ್ತರವರೆಗೆ ಎಣಿಸುವ ರೂಢಿಯಿದೆ. ಇಳಿಯದೆ ಮೇಲೆ ಹಾರಿಹೋಗುವುದು ಮೊದಲನೆಯದು. ಇಂಧನ ಅಥವಾ ದುರಸ್ತಿಗಾಗಿ ಮಾತ್ರ ಇಳಿಯುವುದು ಎರಡನೆಯದು. ಹಾದುಹೋಗುವ ಹಕ್ಕಿನ (ಟ್ರಾನ್ಸಿಟ್) ಬಹುಪಕ್ಷೀಯ ಒಪ್ಪಂದದ ಮೂಲಕ ಅನೇಕ ದೇಶಗಳು ಈ ಎರಡನ್ನೂ ಪರಸ್ಪರ ಕೊಟ್ಟುಕೊಂಡಿವೆ. ರಷ್ಯಾ ಆ ಒಪ್ಪಂದದಲ್ಲಿ ಸೇರಿಲ್ಲ. ಸೈಬೀರಿಯದ ಮೇಲೆ ಹಾರಲು ಯುರೋಪಿನ ಕಂಪನಿಗಳು ದಶಕಗಳ ಕಾಲ ಶುಲ್ಕ ತೆರುತ್ತಿದ್ದುದು ಅದಕ್ಕಾಗಿಯೇ. ತನ್ನ ದೇಶದಿಂದ ಇನ್ನೊಂದು ದೇಶಕ್ಕೆ ಪ್ರಯಾಣಿಕರನ್ನು ಒಯ್ಯುವುದು ಮೂರನೆಯದು, ಅಲ್ಲಿಂದ ತನ್ನ ದೇಶಕ್ಕೆ ಕರೆತರುವುದು ನಾಲ್ಕನೆಯದು. ಎರಡು ದೇಶಗಳ ನಡುವಿನ ನೇರ ಹಾರಾಟ ಇವೆರಡರ ಮೇಲೆಯೇ ನಿಂತಿರುತ್ತದೆ.

ಐದನೆಯ ಸ್ವಾತಂತ್ರ್ಯದಿಂದ ವಾದ ಶುರುವಾಗುತ್ತದೆ. ತನ್ನ ದೇಶದಲ್ಲಿ ಆರಂಭವಾಗುವ ಅಥವಾ ಮುಗಿಯುವ ಸೇವೆಯ ಭಾಗವಾಗಿ ಎರಡು ಪರದೇಶಗಳ ನಡುವೆಯೂ ಪ್ರಯಾಣಿಕರನ್ನು ಸಾಗಿಸುವ ಹಕ್ಕು ಅದು. ಸಿಂಗಪುರ್ ಏರ್‌ಲೈನ್ಸ್ ಸಿಂಗಪುರದಿಂದ ಫ್ರಾಂಕ್‌ಫರ್ಟ್ ಮೂಲಕ ನ್ಯೂಯಾರ್ಕಿಗೆ ಹೋಗುವಾಗ ಫ್ರಾಂಕ್‌ಫರ್ಟಿನಲ್ಲಿ ಹತ್ತಿ ನ್ಯೂಯಾರ್ಕಿನಲ್ಲಿ ಇಳಿಯುವವರಿಗೂ ಟಿಕೆಟ್ ಮಾರುವುದು ಈ ಹಕ್ಕಿನಿಂದ. ಎಮಿರೇಟ್ಸ್ 2013ರಿಂದ ಮಿಲಾನ್ ಮತ್ತು ನ್ಯೂಯಾರ್ಕ್ ನಡುವೆ ನಡೆಸುತ್ತಿರುವ ಸೇವೆಯೂ ಹಾಗೆಯೇ. ಇದಕ್ಕೆ ಮೂರೂ ದೇಶಗಳ ಒಪ್ಪಿಗೆ ಬೇಕು. ಆರನೆಯದು ತನ್ನ ದೇಶವನ್ನು ನಡುದಾರಿಯಾಗಿಸಿ ಎರಡು ಪರದೇಶಗಳನ್ನು ಜೋಡಿಸುವುದು. ದೊಡ್ಡ ಸಂಪರ್ಕ ನಿಲ್ದಾಣಗಳನ್ನು ಕಟ್ಟಿಕೊಂಡ ಕಂಪನಿಗಳ ವ್ಯಾಪಾರವೆಲ್ಲ ಇದರ ಮೇಲಿದ್ದರೂ ಬಹುತೇಕ ಒಪ್ಪಂದಗಳಲ್ಲಿ ಇದರ ಹೆಸರೇ ಬರುವುದಿಲ್ಲ, ಏಕೆಂದರೆ ಒಂದು ದೇಶದೊಂದಿಗಿನ ನಾಲ್ಕನೆಯ ಹಕ್ಕನ್ನೂ ಇನ್ನೊಂದರೊಂದಿಗಿನ ಮೂರನೆಯ ಹಕ್ಕನ್ನೂ ಕೂಡಿಸಿದರೆ ಅದು ತಾನಾಗಿ ದೊರೆಯುತ್ತದೆ. ಏಳನೆಯದು ಸ್ವದೇಶವನ್ನು ಮುಟ್ಟದೆಯೇ ಎರಡು ಪರದೇಶಗಳ ನಡುವೆ ಹಾರುವುದು. ಎಂಟು ಮತ್ತು ಒಂಬತ್ತು ಇನ್ನೊಂದು ದೇಶದ ಆಂತರಿಕ ಸಾರಿಗೆಗೆ ಸಂಬಂಧಿಸಿದವು. ಷಿಕಾಗೊ ಒಡಂಬಡಿಕೆಯ 7ನೇ ವಿಧಿ ಇವುಗಳನ್ನು ನಿರಾಕರಿಸುವ ಅಧಿಕಾರವನ್ನು ಪ್ರತಿ ದೇಶಕ್ಕೂ ಕೊಟ್ಟಿದೆ, ಮತ್ತು ಹೆಚ್ಚಿನ ದೇಶಗಳು ನಿರಾಕರಿಸುತ್ತವೆ.

ನಿಮ್ಮ ಪಟ್ಟಿಯ ಪ್ರತಿ ಸಾಲಿನ ಮುಂದೆ ಸ್ವಾತಂತ್ರ್ಯದ ಸಂಖ್ಯೆಯನ್ನು ಎರಡು ಬಾರಿ ಬರೆಯಿರಿ, ಒಮ್ಮೆ ವಿಮಾನ ನಡೆಸುವ ಕಂಪನಿಗೆ, ಒಮ್ಮೆ ಕೋಡ್ ಹಾಕುವ ಕಂಪನಿಗೆ. ಎರಡೂ ಒಂದೇ ಆಗಿರಬೇಕಾಗಿಲ್ಲ.

ಹಂತ 3: ಒಪ್ಪಂದದ ಪಠ್ಯವನ್ನು ಪತ್ತೆಮಾಡಿ

ಷಿಕಾಗೊ ಒಡಂಬಡಿಕೆಯ 83ನೇ ವಿಧಿಯಂತೆ ದೇಶಗಳು ತಮ್ಮ ವಾಯುಸೇವಾ ಒಪ್ಪಂದಗಳನ್ನು ಮಾಂಟ್ರಿಯಲ್‌ನಲ್ಲಿ ಕೇಂದ್ರ ಕಚೇರಿಯಿರುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯಲ್ಲಿ, ಅಂದರೆ ಐಸಿಎಒದಲ್ಲಿ, ನೋಂದಾಯಿಸಬೇಕು. ವಿದೇಶಾಂಗ ಇಲಾಖೆಗಳ ಒಪ್ಪಂದ ಸಂಗ್ರಹಗಳಲ್ಲಿಯೂ ವಿಮಾನಯಾನ ಇಲಾಖೆಗಳ ಜಾಲತಾಣಗಳಲ್ಲಿಯೂ ಇವು ಸಿಗುತ್ತವೆ. ಮೂಲ ಒಪ್ಪಂದ ದೊರೆತ ಕೂಡಲೇ ಹುಡುಕಾಟ ನಿಲ್ಲಿಸಬೇಡಿ. ಅನಂತರದ ತಿದ್ದುಪಡಿಗಳು, ರಾಜತಾಂತ್ರಿಕ ಪತ್ರ ವಿನಿಮಯಗಳು ಮತ್ತು ಎರಡು ಕಡೆಯ ಅಧಿಕಾರಿಗಳು ಸಹಿ ಮಾಡಿದ ತಿಳಿವಳಿಕೆ ಪತ್ರಗಳನ್ನೂ ನೋಡಬೇಕು. ವಾರಕ್ಕೆ ಎಷ್ಟು ಹಾರಾಟ, ಯಾವ ಊರಿಗೆ, ಯಾವ ಬಗೆಯ ಕೋಡ್‌ಶೇರ್ ಎಂಬ ನಿರ್ಣಾಯಕ ವಿವರಗಳು ಹಲವು ಬಾರಿ ಈ ತಿಳಿವಳಿಕೆ ಪತ್ರಗಳಲ್ಲೇ ಇರುತ್ತವೆ, ಮತ್ತು ಅನೇಕ ಸರ್ಕಾರಗಳು ಅವುಗಳನ್ನು ಪ್ರಕಟಿಸುವುದಿಲ್ಲ. ಇದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಪ್ರಯಾಣಿಕರ ಆಯ್ಕೆಯನ್ನೂ ದರವನ್ನೂ ನೇರವಾಗಿ ಪ್ರಭಾವಿಸುವ ದಾಖಲೆಯೊಂದು ಅದೇ ಪ್ರಯಾಣಿಕರಿಗೆ ಓದಲು ಸಿಗದಿರಲು ಒಪ್ಪಬಹುದಾದ ಕಾರಣ ಕಾಣುವುದಿಲ್ಲ. ಪತ್ರ ಸಿಗದಿದ್ದಾಗ ಅದರ ಪರಿಣಾಮವನ್ನು ಪರವಾನಗಿ ಆದೇಶಗಳಿಂದಲೂ ಸಾಮರ್ಥ್ಯ (ಎಷ್ಟು ಹಾರಾಟ, ಎಷ್ಟು ಆಸನ) ಹಂಚಿಕೆಯ ಪ್ರಕಟಣೆಗಳಿಂದಲೂ ಊಹಿಸಿಕೊಳ್ಳಬೇಕಾಗುತ್ತದೆ.

ಎರಡು ದೇಶಗಳ ನಡುವೆ ಪ್ರತ್ಯೇಕ ಒಪ್ಪಂದ ಕಾಣದಿದ್ದರೆ ಅವು ಯಾವುದಾದರೂ ಬಹುಪಕ್ಷೀಯ ಒಪ್ಪಂದದಲ್ಲಿ ಸೇರಿವೆಯೇ ಎಂದು ನೋಡಿ. ಯುರೋಪಿಯನ್ ಒಕ್ಕೂಟ ಮತ್ತು ಅಮೆರಿಕದ ನಡುವಿನ ಒಪ್ಪಂದ 2008ರ ಮಾರ್ಚ್ 30ರಿಂದ ಅನ್ವಯವಾಗಿ ಸದಸ್ಯ ದೇಶಗಳ ಹಳೆಯ ಒಪ್ಪಂದಗಳ ಜಾಗಕ್ಕೆ ಬಂದಿತು. ಆಫ್ರಿಕದಲ್ಲಿ 1999ರ ಯಾಮುಸ್ಸುಕ್ರೊ ನಿರ್ಣಯವೂ ಅದನ್ನು ಜಾರಿಗೆ ತರಲೆಂದು 2018ರಲ್ಲಿ ಆರಂಭವಾದ ಏಕೀಕೃತ ವಾಯುಸಾರಿಗೆ ಮಾರುಕಟ್ಟೆಯೂ ಇವೆ.

ಹಂತ 4: ಮೊದಲು ನಾಮನಿರ್ದೇಶನ, ಆಮೇಲೆ ಮಾರ್ಗ, ಕೊನೆಗೆ ಸಾಮರ್ಥ್ಯ

ಒಪ್ಪಂದ ಹಕ್ಕು ಕೊಡುವುದು ದೇಶಕ್ಕೆ, ಕಂಪನಿಗಲ್ಲ. ಆ ಹಕ್ಕನ್ನು ಬಳಸುವ ಕಂಪನಿ ಯಾವುದೆಂದು ಆ ದೇಶ ಇನ್ನೊಂದಕ್ಕೆ ಅಧಿಕೃತವಾಗಿ ತಿಳಿಸುವುದೇ ನಾಮನಿರ್ದೇಶನ. ಒಂದೇ ಕಂಪನಿಯನ್ನು ಸೂಚಿಸಬಹುದೇ, ಹಲವನ್ನೇ ಎಂಬುದನ್ನು ಮೊದಲು ನೋಡಿ. ಅನಂತರ ಮಾಲೀಕತ್ವದ ಷರತ್ತು ಬರುತ್ತದೆ. ಕಂಪನಿಯ ಗಣನೀಯ ಮಾಲೀಕತ್ವ ಮತ್ತು ಪರಿಣಾಮಕಾರಿ ನಿಯಂತ್ರಣ ಅದನ್ನು ಸೂಚಿಸಿದ ದೇಶದ ಅಥವಾ ಅದರ ಪ್ರಜೆಗಳ ಕೈಯಲ್ಲೇ ಇರಬೇಕು ಎಂಬುದು ಹಳೆಯ ಮತ್ತು ಇಂದಿಗೂ ವ್ಯಾಪಕವಾದ ನಿಯಮ. ಅಮೆರಿಕ ತನ್ನ ಕಂಪನಿಗಳ ಮತಾಧಿಕಾರದ ಷೇರುಗಳಲ್ಲಿ ಶೇ 75ರಷ್ಟು ತನ್ನ ನಾಗರಿಕರಲ್ಲಿ ಇರಬೇಕೆನ್ನುತ್ತದೆ. ಯುರೋಪಿಯನ್ ಒಕ್ಕೂಟ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಸದಸ್ಯ ದೇಶಗಳಿಗೆ ಅಥವಾ ಅವುಗಳ ಪ್ರಜೆಗಳಿಗೆ ಮೀಸಲಿಡುತ್ತದೆ. ಬೇರೆ ದಾರಿಯೂ ಉಂಟು. ಅಮೆರಿಕ, ಬ್ರುನೈ, ಚಿಲಿ, ನ್ಯೂಜಿಲೆಂಡ್ ಮತ್ತು ಸಿಂಗಪುರ 2001ರಲ್ಲಿ ಸಹಿ ಮಾಡಿದ ಬಹುಪಕ್ಷೀಯ ಒಪ್ಪಂದ ಗಣನೀಯ ಮಾಲೀಕತ್ವದ ಷರತ್ತನ್ನು ಕೈಬಿಟ್ಟು, ಪರಿಣಾಮಕಾರಿ ನಿಯಂತ್ರಣದ ಜೊತೆಗೆ ಕಂಪನಿಯ ಮುಖ್ಯ ವ್ಯವಹಾರ ಸ್ಥಳ ಎಲ್ಲಿದೆ ಎಂಬುದನ್ನು ಕೇಳುತ್ತದೆ.

ಮಾಲೀಕತ್ವದ ಈ ಬೇಲಿಯೇ ಕೋಡ್‌ಶೇರ್ ಇಷ್ಟು ಬೆಳೆಯಲು ಒಂದು ದೊಡ್ಡ ಕಾರಣ. ಗಡಿ ದಾಟಿ ಇನ್ನೊಂದು ಕಂಪನಿಯನ್ನು ಕೊಂಡರೆ ಅದು ತನ್ನ ಸಂಚಾರ ಹಕ್ಕನ್ನೇ ಕಳೆದುಕೊಳ್ಳುವ ಅಪಾಯವಿರುವುದರಿಂದ ಕಂಪನಿಗಳು ವಿಲೀನವಾಗುವ ಬದಲು ಕೋಡ್ ಹಂಚಿಕೊಳ್ಳುತ್ತವೆ.

ಮಾರ್ಗದ ವಿವರ ಸಾಮಾನ್ಯವಾಗಿ ಒಪ್ಪಂದದ ಅನುಬಂಧದಲ್ಲಿ ಇರುತ್ತದೆ: ಹೊರಡುವ ಊರುಗಳು, ನಡುವಿನ ಊರುಗಳು, ತಲುಪುವ ಊರುಗಳು, ಅಲ್ಲಿಂದ ಮುಂದಿನ ಊರುಗಳು. ಅಮೆರಿಕ ಮತ್ತು ಬ್ರಿಟನ್ 1977ರಲ್ಲಿ ಮಾಡಿಕೊಂಡ ಎರಡನೆಯ ಬರ್ಮುಡಾ ಒಪ್ಪಂದದ ಅಡಿಯಲ್ಲಿ ಲಂಡನ್ನಿನ ಹೀತ್ರೂ ನಿಲ್ದಾಣಕ್ಕೆ ಹಾರುವ ಅವಕಾಶ ಅಮೆರಿಕದ ಎರಡು ಕಂಪನಿಗಳಿಗೆ ಮಾತ್ರ ಇತ್ತು. ಡೆಲ್ಟಾ, ಕಾಂಟಿನೆಂಟಲ್ ಮುಂತಾದವು ಹೀತ್ರೂವಿಗೆ ಬರಲು 2008ರ ಒಪ್ಪಂದದವರೆಗೆ ಕಾಯಬೇಕಾಯಿತು. ಒಂದು ನಿಲ್ದಾಣದ ಹೆಸರು ಅನುಬಂಧದಲ್ಲಿ ಹೇಗೆ ಬರೆದಿದೆ ಎಂಬುದು ಮೂರು ದಶಕಗಳ ಸ್ಪರ್ಧೆಯ ರೂಪವನ್ನೇ ನಿರ್ಧರಿಸಬಲ್ಲದು.

ಸಾಮರ್ಥ್ಯದ ವಿಷಯದಲ್ಲಿ ಆಸ್ಟ್ರೇಲಿಯ ಮತ್ತು ಕತಾರ್ ನಡುವಿನ ಇತ್ತೀಚಿನ ಪ್ರಕರಣಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಮತ್ತು ಪರ್ತ್ ನಿಲ್ದಾಣಗಳಿಗೆ ಒಟ್ಟಾಗಿ ವಾರಕ್ಕೆ 28 ಹಾರಾಟಗಳ ಮಿತಿಯಿತ್ತು. ಕತಾರ್ ಏರ್‌ವೇಸ್‌ಗಾಗಿ ಇನ್ನೂ 21 ಹಾರಾಟಗಳನ್ನು ಕೇಳಲಾಯಿತು. 2023ರಲ್ಲಿ ಆಸ್ಟ್ರೇಲಿಯ ಸರ್ಕಾರ ನಿರಾಕರಿಸಿತು, ಸೆನೆಟ್ ಸಮಿತಿಯೊಂದು ವಿಚಾರಣೆಯನ್ನೂ ನಡೆಸಿತು. ಅಡಿಲೇಡ್‌ನಂತಹ ಬೇರೆ ನಿಲ್ದಾಣಗಳಿಗೆ ಆ ಮಿತಿ ಇರಲಿಲ್ಲವಾದ್ದರಿಂದ ಮೆಲ್ಬರ್ನ್ ಮೂಲಕ ಅಡಿಲೇಡ್‌ಗೆ ಹೋಗುವ ಸೇವೆಯನ್ನು ಕಂಪನಿ ನಡೆಸುತ್ತಿತ್ತು. ಆಂತರಿಕ ಸಾರಿಗೆಯ ಹಕ್ಕು ಇಲ್ಲದ ಕಾರಣ ಆ ಎರಡು ಊರುಗಳ ನಡುವಣ ಸ್ಥಳೀಯ ಪ್ರಯಾಣಿಕರನ್ನು ಅದು ಹತ್ತಿಸಿಕೊಳ್ಳುವಂತಿರಲಿಲ್ಲ. ಮುಂದೆ ಬೇರೊಂದು ದಾರಿ ತೆರೆಯಿತು. 2025ರ ಜೂನ್‌ನಿಂದ ವರ್ಜಿನ್ ಆಸ್ಟ್ರೇಲಿಯ ಕಂಪನಿ ಕತಾರ್ ಏರ್‌ವೇಸ್‌ನ ವಿಮಾನ ಮತ್ತು ಸಿಬ್ಬಂದಿಯನ್ನು ಒಟ್ಟಿಗೆ ಬಾಡಿಗೆಗೆ ಪಡೆದು, ಅಂದರೆ ವೆಟ್ ಲೀಸ್ ಮೂಲಕ, ದೋಹಾಗೆ ಹಾರಾಟ ಆರಂಭಿಸಿತು. ವಿಮಾನ ಕತಾರಿನದು, ಬಳಕೆಯಾದ ಹಕ್ಕು ಮಾತ್ರ ಆಸ್ಟ್ರೇಲಿಯದ ಪಾಲಿನದು, ಆದ್ದರಿಂದ ಕತಾರಿನ 28ರ ಮಿತಿ ಅದಕ್ಕೆ ಅಡ್ಡಬರಲಿಲ್ಲ. ಮಿತಿಯ ಲೆಕ್ಕ ಯಾರ ಖಾತೆಯಿಂದ ಎಂಬುದನ್ನು ಕೇಳದೆ ವಿಮಾನದ ಬಣ್ಣವನ್ನಷ್ಟೇ ನೋಡಿದರೆ ಈ ಪ್ರಕರಣ ಅರ್ಥವಾಗುವುದಿಲ್ಲ.

ಮುಕ್ತ ಆಕಾಶ ಒಪ್ಪಂದಗಳಲ್ಲಿ ಊರುಗಳ ಪಟ್ಟಿಯೂ ಹಾರಾಟಗಳ ಮಿತಿಯೂ ಇರುವುದಿಲ್ಲ. ಅಮೆರಿಕ ಇಂತಹ ಮೊದಲ ಒಪ್ಪಂದವನ್ನು 1992ರಲ್ಲಿ ನೆದರ್‌ಲೆಂಡ್ಸ್ ಜೊತೆ ಮಾಡಿಕೊಂಡಿತು. ಆದರೆ ಅಂತಹ ಒಪ್ಪಂದವೂ ಆಂತರಿಕ ಸಾರಿಗೆಯನ್ನು ಸಾಮಾನ್ಯವಾಗಿ ಹೊರಗಿಡುತ್ತದೆ, ಮಾಲೀಕತ್ವದ ಷರತ್ತನ್ನು ಉಳಿಸಿಕೊಂಡಿರುತ್ತದೆ.

ಹಂತ 5: ಕೋಡ್‌ಶೇರ್ ವಿಧಿಯನ್ನು ಪದಪದವಾಗಿ ಓದಿ

ಹಳೆಯ ಒಪ್ಪಂದಗಳಲ್ಲಿ ಕೋಡ್‌ಶೇರ್ ಬಗ್ಗೆ ಒಂದು ಮಾತೂ ಇರುವುದಿಲ್ಲ. ಅಂತಹ ಸಂದರ್ಭದಲ್ಲಿ ಅದು ಎರಡೂ ಸರ್ಕಾರಗಳ ವಿವೇಚನೆಗೆ ಬಿಟ್ಟದ್ದು. ಹೊಸ ಒಪ್ಪಂದಗಳಲ್ಲಿ ಸಹಕಾರಿ ಮಾರಾಟ ವ್ಯವಸ್ಥೆಗಳೆಂಬ ಶೀರ್ಷಿಕೆಯಡಿ ಒಂದು ವಿಧಿ ಇರುತ್ತದೆ. ಅದರಲ್ಲಿ ಐದು ವಿಷಯಗಳನ್ನು ಹುಡುಕಬೇಕು.

ಪಾಲುದಾರ ಯಾರಾಗಬಹುದು ಎಂಬುದು ಮೊದಲನೆಯದು. ಒಪ್ಪಂದದ ಎರಡು ದೇಶಗಳ ಕಂಪನಿಗಳು ಪರಸ್ಪರ ಕೋಡ್ ಹಂಚಿಕೊಳ್ಳುವುದಕ್ಕೆ ಅನುಮತಿ ಸುಲಭ. ಮೂರನೆಯ ದೇಶದ ಕಂಪನಿಯೊಂದಿಗೆ ಹಂಚಿಕೊಳ್ಳಲು ಪ್ರತ್ಯೇಕ ಮಾತು ಬೇಕು. ಆ ಮೂರನೆಯ ದೇಶವೂ ಇಂತಹ ವ್ಯವಸ್ಥೆಗೆ ಅವಕಾಶ ಕೊಡುತ್ತಿರಬೇಕು ಎಂಬ ಷರತ್ತು ಕೂಡ ಸೇರಿರಬಹುದು.

ಎರಡನೆಯದು ಮೂಲ ಹಕ್ಕಿನ ಷರತ್ತು. ವ್ಯವಸ್ಥೆಯಲ್ಲಿ ಸೇರಿದ ಎಲ್ಲ ಕಂಪನಿಗಳೂ ಸೂಕ್ತ ಅಧಿಕಾರವನ್ನು ಹೊಂದಿರಬೇಕು ಎಂಬ ಒಂದು ವಾಕ್ಯ ಬಹುತೇಕ ವಿಧಿಗಳಲ್ಲಿ ಇರುತ್ತದೆ. ಮೊದಲ ಹಂತದ ಉದಾಹರಣೆಗೆ ಮರಳಿದರೆ, ಖ ದೇಶದ ಕಂಪನಿಗೆ ಗ ದೇಶಕ್ಕೆ ಹಾರುವ ಹಕ್ಕಿದ್ದರೆ ಅದು ವಿಮಾನದ ಪ್ರಶ್ನೆಗೆ ಉತ್ತರ. ಕ ಕಂಪನಿಯ ಕೋಡ್ ಅದರ ಮೇಲೆ ಕೂರಬೇಕಾದರೆ ಕ ಮತ್ತು ಗ ನಡುವಿನ ಒಪ್ಪಂದ ಕ ಕಂಪನಿಗೆ ಖ ದೇಶದ ಮೂಲಕ ಗ ದೇಶವನ್ನು ತಲುಪುವ ಹಕ್ಕನ್ನು, ಕಡೇಪಕ್ಷ ಕೋಡ್‌ಶೇರ್ ರೂಪದಲ್ಲಾದರೂ, ಕೊಟ್ಟಿರಬೇಕು. ಕೆಲವು ಒಪ್ಪಂದಗಳು ಸ್ವಂತ ವಿಮಾನಕ್ಕೆ ಒಂದು ಮಾರ್ಗಪಟ್ಟಿಯನ್ನೂ ಕೋಡ್‌ಗೆ ಅದಕ್ಕಿಂತ ಉದಾರವಾದ ಇನ್ನೊಂದನ್ನೂ ಇಟ್ಟಿರುತ್ತವೆ.

ಮೂರನೆಯದು ಎಣಿಕೆ. ವಾರಕ್ಕೆ ಹತ್ತು ಹಾರಾಟಗಳ ಮಿತಿಯಿದ್ದಾಗ ಪಾಲುದಾರನ ವಿಮಾನದಲ್ಲಿ ಕೋಡ್ ಹಾಕಿದರೆ ಆ ಹತ್ತರಲ್ಲಿ ಒಂದು ಖರ್ಚಾಗುತ್ತದೆಯೇ? ಹಲವು ಒಪ್ಪಂದಗಳು ವಿಮಾನ ನಡೆಸುವ ಕಂಪನಿಯ ಲೆಕ್ಕದಲ್ಲಿ ಮಾತ್ರ ಎಣಿಸುತ್ತವೆ. ಕೆಲವು ಮಾರುವ ಕಂಪನಿಯ ಆಸನಗಳನ್ನೂ ಎಣಿಸುತ್ತವೆ. ಇಲ್ಲಿ ಎರಡು ಕಂಪನಿಗಳ ನಡುವಿನ ಕರಾರಿನ ಬಗೆಯೂ ಮುಖ್ಯವಾಗುತ್ತದೆ. ಮಾರುವ ಕಂಪನಿ ನಿರ್ದಿಷ್ಟ ಸಂಖ್ಯೆಯ ಆಸನಗಳನ್ನು ಮುಂಗಡವಾಗಿ ಕೊಂಡು, ಮಾರಾಟವಾಗದಿದ್ದರೆ ನಷ್ಟವನ್ನು ತಾನೇ ಹೊರುವುದು ಒಂದು ಬಗೆ. ಖಾಲಿ ಆಸನಗಳನ್ನು ಪಾಲುದಾರನ ದಾಸ್ತಾನಿನಿಂದ ಮಾರುತ್ತಾ ಹೋಗುವುದು ಇನ್ನೊಂದು. ಮೊದಲನೆಯದರಲ್ಲಿ ಎಷ್ಟು ಆಸನ ಯಾರ ಪಾಲು ಎಂಬುದು ಸ್ಪಷ್ಟವಾಗಿರುವುದರಿಂದ ಎಣಿಕೆ ಸುಲಭ, ಮತ್ತು ಎರಡು ಕಂಪನಿಗಳು ಒಂದೇ ವಿಮಾನದಲ್ಲೂ ದರದಲ್ಲಿ ಪೈಪೋಟಿ ಮಾಡಲು ಕಾರಣವಿರುತ್ತದೆ. ಎರಡನೆಯದರಲ್ಲಿ ಅಂತಹ ಪೈಪೋಟಿ ದುರ್ಬಲ.

ನಾಲ್ಕನೆಯದು ಆಂತರಿಕ ಹಾರಾಟಗಳು. ಪರದೇಶದ ಕಂಪನಿ ತಾನು ಇಳಿಯುವ ದೇಶದೊಳಗಿನ ಹಾರಾಟಗಳ ಮೇಲೆ ಕೋಡ್ ಹಾಕಬಹುದಾದರೂ, ಅದನ್ನು ಅಂತರರಾಷ್ಟ್ರೀಯ ಪ್ರಯಾಣದ ಮುಂದುವರಿಕೆಯಾಗಿ ಮಾತ್ರ ಮಾರಬೇಕು ಎಂಬ ಮಿತಿ ಸಾಮಾನ್ಯ. ಆಂತರಿಕ ಹಾರಾಟವನ್ನಷ್ಟೇ ಬಿಡಿಯಾಗಿ ಮಾರಿದರೆ ಅದು ನಿಷಿದ್ಧ ಆಂತರಿಕ ಸಾರಿಗೆಯಾಗಿಬಿಡುತ್ತದೆ.

ಐದನೆಯದು ಪ್ರಯಾಣಿಕರಿಗೆ ಮಾಹಿತಿ ಕೊಡುವ ಕರ್ತವ್ಯ. ಅದನ್ನು ಕೊನೆಯ ಹಂತದಲ್ಲಿ ನೋಡೋಣ.

ಹಂತ 6: ನಿಯಂತ್ರಕರ ಪರವಾನಗಿ ಮತ್ತು ಸುರಕ್ಷತೆಯ ದಾಖಲೆ

ಒಪ್ಪಂದದಲ್ಲಿ ಹಕ್ಕು ಇದ್ದರೂ ಕಂಪನಿ ಅರ್ಜಿ ಸಲ್ಲಿಸಿ ಪರವಾನಗಿ ಪಡೆಯಬೇಕು. ಅಮೆರಿಕದಲ್ಲಿ ವಿದೇಶಿ ಕಂಪನಿಯನ್ನು ಒಳಗೊಂಡ ಕೋಡ್‌ಶೇರ್‌ಗೆ ಸಾರಿಗೆ ಇಲಾಖೆಯ ಅನುಮತಿ ಪತ್ರ ಬೇಕು. ಅದರ ಅರ್ಜಿಗಳೂ ಆದೇಶಗಳೂ ಸಾರ್ವಜನಿಕ ಕಡತದಲ್ಲಿ ದೊರೆಯುವುದರಿಂದ ಕಲಿಯುವವರಿಗೆ ಅದು ಅತ್ಯುತ್ತಮ ಆಕರ. ಯುರೋಪಿಯನ್ ಒಕ್ಕೂಟಕ್ಕೆ ವಾಣಿಜ್ಯ ಹಾರಾಟ ನಡೆಸುವ ಹೊರಗಿನ ಕಂಪನಿಗಳು ಸಂಚಾರ ಹಕ್ಕಿನ ಜೊತೆಗೆ ಅಲ್ಲಿನ ವಾಯುಯಾನ ಸುರಕ್ಷತಾ ಸಂಸ್ಥೆಯ ಪ್ರತ್ಯೇಕ ಸುರಕ್ಷತಾ ಮಂಜೂರಾತಿಯನ್ನು ಪಡೆಯಬೇಕು.

ಸುರಕ್ಷತೆಯ ನಿಯಮಗಳು ವಿಮಾನ ನಡೆಸುವವರನ್ನು ಹಿಡಿಯುತ್ತವೆ, ಮತ್ತು ಇದರಿಂದ ಕೋಡ್‌ಶೇರ್‌ನ ಒಂದು ದಿಕ್ಕು ಮುಚ್ಚಿ ಇನ್ನೊಂದು ತೆರೆದೇ ಉಳಿಯಬಹುದು. ಅಮೆರಿಕದ ಫೆಡರಲ್ ವಾಯುಯಾನ ಆಡಳಿತ ಪ್ರತಿ ದೇಶದ ಸುರಕ್ಷತಾ ಮೇಲ್ವಿಚಾರಣೆಯನ್ನು ಐಸಿಎಒ ಮಾನದಂಡಗಳ ಎದುರು ಅಳೆದು ಎರಡು ವರ್ಗಗಳಲ್ಲಿ ಇಡುತ್ತದೆ. ಇದು ಕಂಪನಿಯ ಅಂಕಪಟ್ಟಿಯಲ್ಲ, ದೇಶದ ನಿಯಂತ್ರಕರದು. 2021ರ ಮೇ ತಿಂಗಳಲ್ಲಿ ಮೆಕ್ಸಿಕೊ ಎರಡನೆಯ ವರ್ಗಕ್ಕೆ ಇಳಿದಾಗ ಡೆಲ್ಟಾ ತನ್ನ ಕೋಡನ್ನು ಏರೋಮೆಕ್ಸಿಕೊ ನಡೆಸುವ ಹಾರಾಟಗಳಿಂದ ತೆಗೆಯಬೇಕಾಯಿತು. ಡೆಲ್ಟಾದ ವಿಮಾನಗಳ ಮೇಲಿನ ಏರೋಮೆಕ್ಸಿಕೊ ಕೋಡ್‌ಗೆ ಅಡ್ಡಿಯಿರಲಿಲ್ಲ. ಮೆಕ್ಸಿಕೊದ ಕಂಪನಿಗಳು ಇದ್ದ ಹಾರಾಟಗಳನ್ನು ಮುಂದುವರಿಸಬಹುದಿತ್ತು, ಹೊಸದನ್ನು ಸೇರಿಸುವಂತಿರಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಮೊದಲ ವರ್ಗ ಮರಳಿ ಸಿಕ್ಕಿತು. ಆದ್ದರಿಂದ ಕೋಡ್‌ಶೇರ್ ಸುದ್ದಿ ಓದಿದಾಗಲೆಲ್ಲ ಯಾರ ಕೋಡ್ ಯಾರ ವಿಮಾನದ ಮೇಲೆ ಎಂಬ ದಿಕ್ಕನ್ನು ಗುರುತು ಹಾಕಿಕೊಳ್ಳಿ.

ಹಂತ 7: ಸ್ಲಾಟ್ ಇದೆಯೇ ನೋಡಿ

ಸಂಚಾರ ಹಕ್ಕು ದೇಶದೊಳಗೆ ಬರಲು. ದಟ್ಟಣೆಯ ನಿಲ್ದಾಣದಲ್ಲಿ ನಿರ್ದಿಷ್ಟ ಹೊತ್ತಿಗೆ ಇಳಿದು ಏಳುವ ಅವಕಾಶವೇ ಸ್ಲಾಟ್. ಇವೆರಡೂ ಬೇರೆ, ಕೊಡುವವರೂ ಬೇರೆ. 2008ರಲ್ಲಿ ಹೀತ್ರೂವಿನ ಹಕ್ಕು ದೊರೆತ ಮೇಲೂ ಕಾಂಟಿನೆಂಟಲ್ ಕಂಪನಿ ಅಲ್ಲಿ ನಾಲ್ಕು ಜೋಡಿ ಸ್ಲಾಟ್‌ಗಳಿಗೆ 20.9 ಕೋಟಿ ಡಾಲರ್ ತೆರಬೇಕಾಯಿತು. ಕೋಡ್ ಮಾತ್ರ ಹಾಕುವ ಕಂಪನಿಗೆ ಸ್ಲಾಟ್ ಬೇಡ. ಸ್ಲಾಟ್ ಸಿಗದ ನಿಲ್ದಾಣಕ್ಕೆ ಕೋಡ್‌ಶೇರ್ ಮೂಲಕ ತಲುಪುವುದು ಅದಕ್ಕಾಗಿಯೇ ಆಕರ್ಷಕ.

ಹಂತ 8: ಸ್ಪರ್ಧಾ ಕಾನೂನಿನ ಪರಿಶೀಲನೆ

ಕೋಡ್‌ಶೇರ್ ತನ್ನಷ್ಟಕ್ಕೆ ದರ ನಿಗದಿಯ ಒಪ್ಪಂದವಲ್ಲ. ಆದರೆ ಎರಡು ಕಂಪನಿಗಳು ದರ, ವೇಳಾಪಟ್ಟಿ ಮತ್ತು ಆದಾಯವನ್ನು ಒಟ್ಟಾಗಿ ನಿರ್ಧರಿಸತೊಡಗಿದರೆ ಅದು ಜಂಟಿ ಉದ್ಯಮವಾಗುತ್ತದೆ, ಸ್ಪರ್ಧಾ ನಿಯಂತ್ರಕರ ಕಣ್ಣಿಗೆ ಬೀಳುತ್ತದೆ. ಅಮೆರಿಕದಲ್ಲಿ ಸಾರಿಗೆ ಇಲಾಖೆಯೇ ಅಂತಹ ವ್ಯವಸ್ಥೆಗೆ ಸ್ಪರ್ಧಾ ಕಾನೂನಿನಿಂದ ರಕ್ಷಣೆ ಕೊಡಬಹುದು. 1993ರ ಜನವರಿಯಲ್ಲಿ ನಾರ್ತ್‌ವೆಸ್ಟ್ ಮತ್ತು ಕೆಎಲ್‌ಎಂ ಅದನ್ನು ಪಡೆದವು. ನೆದರ್‌ಲೆಂಡ್ಸ್ ಜೊತೆಗಿನ ಮುಕ್ತ ಆಕಾಶ ಒಪ್ಪಂದದ ಬೆನ್ನಿಗೇ ಇದು ಬಂದದ್ದು ಆಕಸ್ಮಿಕವಲ್ಲ: ಮಾರುಕಟ್ಟೆ ಹೊಸಬರಿಗೆ ತೆರೆದಿದ್ದರೆ ಮಾತ್ರ ಇಬ್ಬರು ಹಳಬರು ಕೈಜೋಡಿಸುವುದನ್ನು ಸಹಿಸಬಹುದು ಎಂಬುದು ಅಲ್ಲಿನ ತರ್ಕ. ಅದೇ ತರ್ಕ ತಿರುಗುಮುರುಗಾಗಿಯೂ ಕೆಲಸ ಮಾಡುತ್ತದೆ. ಮೆಕ್ಸಿಕೊ ಸಿಟಿಯ ನಿಲ್ದಾಣದಲ್ಲಿ ಸ್ಲಾಟ್‌ಗಳನ್ನು ಕಡಿತಗೊಳಿಸಿ ಸರಕು ವಿಮಾನಗಳನ್ನು ಬೇರೆಡೆಗೆ ಕಳಿಸಿದ ಅಲ್ಲಿನ ಸರ್ಕಾರದ ಕ್ರಮಗಳನ್ನು ಕಾರಣವಾಗಿ ಕೊಟ್ಟು, ಡೆಲ್ಟಾ ಮತ್ತು ಏರೋಮೆಕ್ಸಿಕೊ ಜಂಟಿ ಉದ್ಯಮದ ರಕ್ಷಣೆಯನ್ನು ನವೀಕರಿಸದಿರಲು ಅಮೆರಿಕದ ಸಾರಿಗೆ ಇಲಾಖೆ 2024ರ ಜನವರಿಯಲ್ಲಿ ತಾತ್ಕಾಲಿಕವಾಗಿ ತೀರ್ಮಾನಿಸಿತು.

ಯುರೋಪಿಯನ್ ಆಯೋಗ ಮಾರ್ಗವಾರು ನೋಡುತ್ತದೆ. 2013ರಲ್ಲಿ ಲುಫ್ತಾನ್ಸಾ, ಯುನೈಟೆಡ್ ಮತ್ತು ಏರ್ ಕೆನಡಾ ನಡುವಿನ ಜಂಟಿ ಉದ್ಯಮದಲ್ಲಿ ಅದು ಫ್ರಾಂಕ್‌ಫರ್ಟ್ ಮತ್ತು ನ್ಯೂಯಾರ್ಕ್ ನಡುವಿನ ಮಾರ್ಗದ ಬಗ್ಗೆ ಆತಂಕ ವ್ಯಕ್ತಪಡಿಸಿ, ಸ್ಪರ್ಧಿಗಳಿಗೆ ಸ್ಲಾಟ್ ಬಿಟ್ಟುಕೊಡುವ ಬದ್ಧತೆಗಳನ್ನು ಪಡೆಯಿತು. ನಿಮ್ಮ ಪಟ್ಟಿಯಲ್ಲಿ ಒಂದೇ ಎರಡು ಊರುಗಳ ನಡುವೆ ಇಬ್ಬರೂ ಪಾಲುದಾರರು ಸ್ವಂತ ವಿಮಾನ ಹಾರಿಸುತ್ತಿದ್ದರೆ ಆ ಸಾಲಿಗೆ ಕೆಂಪು ಗುರುತು ಹಾಕಿ. ಪ್ರಯಾಣಿಕರಿಗೆ ಹಾನಿಯಾಗುವ ಸಾಧ್ಯತೆ ಇರುವುದು ಅಲ್ಲಿ; ಒಬ್ಬರ ಮಾರ್ಗ ಮುಗಿಯುವಲ್ಲಿ ಇನ್ನೊಬ್ಬರದು ಆರಂಭವಾಗುವ ಕೋಡ್‌ಶೇರ್‌ನಿಂದ ಸಾಮಾನ್ಯವಾಗಿ ಪ್ರಯೋಜನವೇ ಹೆಚ್ಚು.

ಹಂತ 9: ಟಿಕೆಟ್ಟಿನ ಮೇಲೆ ಇದೆಲ್ಲದರ ಪರಿಣಾಮವನ್ನು ಓದಿ

ವಿಮಾನ ನಡೆಸುವ ಕಂಪನಿಯ ಹೆಸರನ್ನು ಕೊಳ್ಳುವ ಮೊದಲೇ ತಿಳಿಯುವುದು ಪ್ರಯಾಣಿಕರ ಹಕ್ಕು. ಅಮೆರಿಕದ ನಿಯಮಗಳು ಜಾಲತಾಣದ ಹುಡುಕಾಟದ ಫಲಿತಾಂಶದ ಮೊದಲ ಪರದೆಯಲ್ಲೇ ಅದು ಕಾಣಬೇಕೆನ್ನುತ್ತವೆ. ಯುರೋಪಿನಲ್ಲಿ 2005ರ 2111ನೇ ನಿಯಮಾವಳಿ ಬುಕಿಂಗ್ ಸಮಯದಲ್ಲಿ ತಿಳಿಸುವ ಹೊಣೆಯನ್ನು ಒಪ್ಪಂದ ಮಾಡಿಕೊಳ್ಳುವ ಕಂಪನಿಯ ಮೇಲೆ ಹಾಕಿದೆ. ಹೆಸರು ಸಿಕ್ಕ ಮೇಲೆ ಆ ಕಂಪನಿಯ ಬುಕಿಂಗ್ ಸಂಖ್ಯೆಯನ್ನೂ ಕೇಳಿ ಪಡೆಯಿರಿ, ಏಕೆಂದರೆ ಆಸನದ ಆಯ್ಕೆಯೂ ಚೆಕ್‌ಇನ್ ಕೂಡ ಹಲವು ಬಾರಿ ಅದರ ವ್ಯವಸ್ಥೆಯಲ್ಲೇ ನಡೆಯುತ್ತವೆ. ಲಗೇಜಿನ ಮಿತಿ ಯಾರ ನಿಯಮದಂತೆ ಎಂಬುದನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳಿ.

ತಡ ಮತ್ತು ರದ್ದತಿಯ ಪರಿಹಾರದಲ್ಲಿ ಯುರೋಪಿನ 261ನೇ ನಿಯಮಾವಳಿ ಹೊಣೆಯನ್ನು ವಿಮಾನ ನಡೆಸುವ ಕಂಪನಿಯ ಮೇಲೆ ಇಡುತ್ತದೆ. ಒಕ್ಕೂಟದಿಂದ ಹೊರಡುವ ಎಲ್ಲ ಹಾರಾಟಗಳಿಗೂ ಅದು ಅನ್ವಯ. ಹೊರಗಿನಿಂದ ಒಕ್ಕೂಟಕ್ಕೆ ಬರುವ ಹಾರಾಟಕ್ಕಾದರೋ ಅದನ್ನು ನಡೆಸುವ ಕಂಪನಿ ಒಕ್ಕೂಟದ ಪರವಾನಗಿ ಪಡೆದದ್ದಾಗಿದ್ದರೆ ಮಾತ್ರ. ಹೀಗಾಗಿ ಯುರೋಪಿಗೆ ಬರುವ ನೇರ ಹಾರಾಟದ ಟಿಕೆಟ್ಟಿನ ಮೇಲೆ ಯುರೋಪಿನ ಕೋಡ್ ಇದ್ದರೂ ವಿಮಾನ ಹೊರಗಿನವರದಾಗಿದ್ದರೆ ಆ ರಕ್ಷಣೆ ಸಿಗುವುದಿಲ್ಲ. ಒಂದೇ ದರಕ್ಕೆ ಎರಡೂ ಲಭ್ಯವಿದ್ದಾಗ ಈ ವ್ಯತ್ಯಾಸಕ್ಕೆ ಬೆಲೆ ಕೊಡುವುದು ವಿವೇಕ. ಒಂದೇ ಬುಕಿಂಗಿನ ಸಂಪರ್ಕ ಹಾರಾಟಗಳ ಬಗ್ಗೆ ಯುರೋಪಿನ ನ್ಯಾಯಾಲಯ 2019ರಲ್ಲಿ ಪ್ರಯಾಣಿಕರ ಪರವಾಗಿ ಮಹತ್ವದ ತೀರ್ಪು ಕೊಟ್ಟಿತು. ಪ್ರಾಗ್‌ನಿಂದ ಅಬುಧಾಬಿ ಮೂಲಕ ಬ್ಯಾಂಕಾಕ್‌ಗೆ ಹೋಗುವ ಪ್ರಯಾಣದಲ್ಲಿ ಮೊದಲ ಹಾರಾಟವನ್ನು ಜೆಕ್ ಏರ್‌ಲೈನ್ಸ್ ಸಮಯಕ್ಕೆ ಸರಿಯಾಗಿ ಮುಗಿಸಿತ್ತು. ಕೋಡ್‌ಶೇರ್ ಅಡಿಯಲ್ಲಿ ಎತಿಹಾದ್ ನಡೆಸಿದ ಎರಡನೆಯದು ಬಹಳ ತಡವಾಯಿತು. ಎರಡೂ ಸೇರಿ ಒಂದೇ ಪ್ರಯಾಣವಾದ್ದರಿಂದ ಜೆಕ್ ಏರ್‌ಲೈನ್ಸ್ ಪರಿಹಾರ ಕೊಡಬೇಕೆಂದು ನ್ಯಾಯಾಲಯ ಹೇಳಿತು.

ಲಗೇಜು ಕಳೆದರೆ, ಹಾಳಾದರೆ ಅಥವಾ ತಡವಾಗಿ ನಷ್ಟವಾದರೆ 1999ರ ಮಾಂಟ್ರಿಯಲ್ ಒಡಂಬಡಿಕೆಯನ್ನು ನೋಡಿ. ಅದು ಟಿಕೆಟ್ ಮಾರಿದ ಕಂಪನಿಯನ್ನು ಇಡೀ ಪ್ರಯಾಣಕ್ಕೂ, ವಿಮಾನ ನಡೆಸಿದ ಕಂಪನಿಯನ್ನು ಅದು ನಡೆಸಿದ ಭಾಗಕ್ಕೂ ಹೊಣೆಯಾಗಿಸುತ್ತದೆ. ಆ ಭಾಗಕ್ಕೆ ಸಂಬಂಧಿಸಿ ಇಬ್ಬರಲ್ಲಿ ಯಾರ ಮೇಲಾದರೂ, ಅಥವಾ ಇಬ್ಬರ ಮೇಲೂ, ದಾವೆ ಹೂಡಬಹುದು. ಒಬ್ಬರಿಗೆ ಕೊಟ್ಟ ದೂರು ಇನ್ನೊಬ್ಬರಿಗೆ ಕೊಟ್ಟಂತೆಯೇ. ಆದ್ದರಿಂದ ಒಂದು ಕೌಂಟರಿನವರು ಇನ್ನೊಂದರತ್ತ ಕೈತೋರಿಸಿದರೆ ಹಿಂದೆಗೆಯದೆ, ಎರಡೂ ಕಂಪನಿಗಳಿಗೆ ಒಂದೇ ದೂರನ್ನು ಬರಹದಲ್ಲಿ ಸಲ್ಲಿಸಿ. ಲಗೇಜಿಗೆ ಹೊಣೆಯ ಮಿತಿ 2024ರ ಡಿಸೆಂಬರ್ 28ರಿಂದ ಪ್ರತಿ ಪ್ರಯಾಣಿಕರಿಗೆ 1,519 ವಿಶೇಷ ಹಣಪಡೆಯುವ ಹಕ್ಕುಗಳ ಮೌಲ್ಯದಷ್ಟಿದೆ. ಇದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ಹಾಳಾದ ಲಗೇಜಿನ ದೂರನ್ನು ಅದು ಕೈಸೇರಿದ 7 ದಿನಗಳೊಳಗೆ, ತಡವಾಗಿ ಬಂದುದರ ದೂರನ್ನು 21 ದಿನಗಳೊಳಗೆ ಕೊಡಬೇಕು. ದಾವೆಗೆ ವಿಮಾನ ತಲುಪಿದ ಅಥವಾ ತಲುಪಬೇಕಿದ್ದ ದಿನದಿಂದ 2 ವರ್ಷಗಳ ಅವಧಿಯಿದೆ, ಅದು ದಾಟಿದರೆ ಹಕ್ಕು ಉಳಿಯುವುದಿಲ್ಲ.